ಅವ್ವ ದುಡಿಲಿಕ್ಕೆ ಹೊರಟಾಗ

(ಶಹಾಬಜಾರದಲ್ಲಿ ಕೂಡಿದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತು)



ಇವತ್ತು ನಾವು ಉಳಿತಾಯದ ಲೆಕ್ಕ, ಸಾಲದ ಕಂತು, ಪಾಸ್‌ಬುಕ್ಕಿನ ಬಗ್ಗೆ ಮಾತಾಡಲಿಕ್ಕೆ ಬಂದಿಲ್ಲ. ಅದು ವಾರ ವಾರ ಇದ್ದೇ ಇರ್ತದೆ. ಆದರೆ ಸಂಘದ ಹಾಜರಿ ಪುಸ್ತಕ ತೆಗೆದು ನೋಡ್ರಿ, ಒಂದು ವಿಷಯ ಎದ್ದು ಕಾಣುತ್ತದೆ. ದೀಪಾವಳಿ ಕಳೆದ ಮೇಲೆ ಕೆಲವು ಹೆಸರುಗಳ ಮುಂದೆ ‘ಗೈರು’ ಬೀಳಲು ಶುರುವಾಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಇನ್ನಷ್ಟು. ಹೋಳಿ ಹುಣ್ಣಿಮೆಗೆ, ಶರಣಬಸವೇಶ್ವರ ಜಾತ್ರೆಗೆ ಒಂದಿಷ್ಟು ಮಂದಿ ಬರುತ್ತಾರೆ, ಮತ್ತೆ ಹೋಗುತ್ತಾರೆ. ಮುಂಗಾರು ಮಳೆ ಬಿದ್ದ ಮೇಲೆಯೇ ಪುಸ್ತಕ ತುಂಬುವುದು. ಆ ಗೈರಿನ ಹಿಂದೆ ಒಬ್ಬ ತಾಯಿ ಇದ್ದಾಳೆ, ಅವಳ ಹಿಂದೆ ಮಕ್ಕಳಿದ್ದಾರೆ. ಪುಸ್ತಕ ಬರೆಯುವವರು ‘ಊರಿಗೆ ಹೋಗಿದ್ದಾರೆ’ ಅಂತ ಒಂದು ಸಾಲು ಬರೆದು ಮುಂದಿನ ಹೆಸರಿಗೆ ಹೋಗುತ್ತಾರೆ. ಇವತ್ತು ಆ ಒಂದು ಸಾಲಿನ ಬಗ್ಗೆ ಮಾತಾಡೋಣ.

ನಮ್ಮ ಕಲಬುರಗಿ ಜಿಲ್ಲೆಗೆ ಇದು ಹೊಸದಲ್ಲ. ಮುಂಬೈಯಿಂದ ಸೊಲ್ಲಾಪುರ, ಕಲಬುರಗಿ, ವಾಡಿ ಮೇಲೆ ಹಾದು ಹೋಗುವ ರೈಲು ಹಳಿ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದ್ದು. ಉದ್ಯಾನ್ ಎಕ್ಸ್‌ಪ್ರೆಸ್ಸು, ಹುಸೇನಸಾಗರ ಎಕ್ಸ್‌ಪ್ರೆಸ್ಸು ಎಂದರೆ ನಮ್ಮ ಮಂದಿಗೆ ಬರೀ ಗಾಡಿಯ ಹೆಸರಲ್ಲ; ಒಂದು ಚೀಲ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಹಾಸಿಗೆ ಸುರುಳಿ, ಅಳುವ ಒಂದು ಕೂಸು ಎಲ್ಲ ಒಟ್ಟಿಗೆ ನೆನಪಿಗೆ ಬರುತ್ತವೆ. ಮುಂಬೈ, ಪುಣೆಯ ಕಟ್ಟಡದ ಕೆಲಸ, ಹೈದರಾಬಾದು, ಬೆಂಗಳೂರು, ಕಬ್ಬು ಕಡಿಯುವ ಹಂಗಾಮು. ಚಿಂಚೋಳಿ, ಕಮಲಾಪುರ ಕಡೆಯ ಎಷ್ಟೋ ತಾಂಡಾಗಳಲ್ಲಿ ಜನವರಿ ನಂತರ ಹೋದರೆ ಮುದುಕರು, ಮಕ್ಕಳು, ಮೇಕೆ ಮಾತ್ರ ಕಾಣುತ್ತವೆ. ಮೊದಲು ಗಂಡಸರು ಹೋಗುತ್ತಿದ್ದರು, ಹೆಣ್ಣುಮಕ್ಕಳು ಮನೆ ನೋಡಿಕೊಳ್ಳುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. ಈಗ ಹಾಗಿಲ್ಲ. ಕಬ್ಬಿನ ಕೆಲಸವನ್ನೇ ನೋಡ್ರಿ. ಮುಕಾದಮ ಮುಂಗಡ ಕೊಡುವಾಗ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಅಂತ ಎಣಿಸುತ್ತಾನೆ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರು ಸೇರಿ ಒಂದು ಕತ್ತಿ ಆಗುತ್ತಾರೆ. ಅವನು ಕಡಿಯಬೇಕು, ಅವಳು ಸೋಗೆ ತೆಗೆದು ಕಟ್ಟು ಕಟ್ಟಿ ತಲೆ ಮೇಲೆ ಹೊತ್ತು ಗಾಡಿಗೆ ಹಾಕಬೇಕು. ‘ನಾನು ಮಕ್ಕಳ ಸಂಗಡ ಇರ್ತೀನಿ, ನೀ ಹೋಗು’ ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ಹೀಗಾಗಿ ತಾಯಿಯ ಮುಂದೆ ಇರುವುದು ಎರಡೇ ದಾರಿ. ಮಕ್ಕಳನ್ನು ಕರೆದುಕೊಂಡು ಹೋಗುವುದು, ಇಲ್ಲವೇ ಬಿಟ್ಟು ಹೋಗುವುದು. ಕರೆದುಕೊಂಡು ಹೋದರೆ ಶಾಲೆ ಹೋಯಿತು. ಬಿಟ್ಟು ಹೋದರೆ ಕರುಳು ಇಲ್ಲೇ ಉಳಿಯಿತು. ಯಾವುದನ್ನು ಮಾಡಿದರೂ ಓಣಿಯ ಮಂದಿ ಒಂದು ಮಾತು ಅಂದೇ ಅನ್ನುತ್ತಾರೆ. ‘ಹೆಂಗ ಬಿಟ್ಟು ಹೋದ್ಳವ್ವ, ಎದಿ ಕಲ್ಲು ಮಾಡ್ಕೊಂಡು!’ ಇದೇ ಮಾತನ್ನು ಅಪ್ಪನಿಗೆ ಯಾರಾದರೂ ಅಂದದ್ದು ಕೇಳಿದ್ದೀರಾ? ಅವನು ಹೋದರೆ ‘ಮಕ್ಕಳ ಸಲುವಾಗಿ ದುಡಿಲಾಕ ಹೋಗ್ಯಾನ’. ಅವಳು ಹೋದರೆ ‘ಮಕ್ಕಳ್ನ ಬಿಟ್ಟು ಹೋಗ್ಯಾಳ’. ಹೋಗಿದ್ದು ಒಂದೇ ಗಾಡಿಯಲ್ಲಿ, ಒಂದೇ ಕೆಲಸಕ್ಕೆ!

ಈಗ ಒಂದು ಮಾತು ನಾಚಿಕೆ ಬಿಟ್ಟು ಹೇಳಬೇಕು. ಹೊರಟು ನಿಂತ ತಾಯಿಯ ಮನಸ್ಸಿನಲ್ಲಿ ಬರೀ ದುಃಖ ಇರುವುದಿಲ್ಲ. ಸಂಘಗಳ ಕೆಲಸಕ್ಕೆ ಓಡಾಡುವ ನಮ್ಮಲ್ಲೂ ಹೆಚ್ಚಿನವರು ತಾಯಂದಿರೇ. ಮೂರು ದಿನದ ತರಬೇತಿ ಎಂದು ಬೆಂಗಳೂರಿಗೆ ಹೊರಟಾಗ ನಮಗೂ ಹೀಗೇ ಆಗುತ್ತದೆ. ಹಿಂದಿನ ರಾತ್ರಿ ಮಲಗಿದ ಮಕ್ಕಳ ಮುಖ ನೋಡಿ ನೋಡಿ ಹೊಟ್ಟೆಯಲ್ಲಿ ಸಂಕಟ. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬಸ್ಸು ಊರು ದಾಟಿದ ಮೇಲೆ, ತಣ್ಣಗೆ ಗಾಳಿ ಮುಖಕ್ಕೆ ಬಡಿದಾಗ, ಏನೋ ಒಂದು ಹಗುರ. ಇವತ್ತು ರೊಟ್ಟಿ ಬಡಿಯುವುದಿಲ್ಲ, ನೀರಿಗೆ ಕೊಡ ಹಿಡಿದು ನಿಲ್ಲುವುದಿಲ್ಲ, ಯಾರೂ ‘ಅದೆಲ್ಲಿ, ಇದೆಲ್ಲಿ’ ಅಂತ ಕೂಗುವುದಿಲ್ಲ. ಆ ಹಗುರ ಬಂದ ಕ್ಷಣಕ್ಕೇ ಹಿಂದಿನಿಂದ ಇನ್ನೊಂದು ದನಿ: ‘ಎಂಥ ತಾಯಿ ನೀನು!’

ದುಡಿಯಲಿಕ್ಕೆ ಹೋದ ಅಕ್ಕಂದಿರೂ ಇದನ್ನೇ ಮೆಲ್ಲಗೆ ಹೇಳಿದ್ದಾರೆ. ಒಬ್ಬ ಅಕ್ಕ ಮುಂಬೈಯಲ್ಲಿ ಮೊದಲ ಸಲ ಸಮುದ್ರ ನೋಡಿದ್ದನ್ನು ವರ್ಣಿಸುವಾಗ ಅವರ ಮುಖ ಅರಳಿತ್ತು. ಮರುಗಳಿಗೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ‘ಪಾರ್ಗೋಳು ಇಲ್ಲಿ, ನಾ ಅಲ್ಲಿ ಸಮುದ್ರ ನೋಡ್ಕೋತ ನಿಂತಿದ್ದೆ ನೋಡ್ರಿ’ ಅಂದರು. ಕೂಲಿ ದುಡ್ಡು ತನ್ನ ಕೈಗೇ ಬಂದಾಗ ಆಗುವ ಸಂತೋಷ, ಅತ್ತೆ ಮಾವನ ಕಣ್ಣು ತಪ್ಪಿ ನಾಲ್ಕು ತಿಂಗಳು ಇದ್ದ ನೆಮ್ಮದಿ, ಇವೆಲ್ಲ ಸುಳ್ಳಲ್ಲ. ಮಕ್ಕಳ ಮೇಲಿನ ಪ್ರೀತಿಯೂ ಸುಳ್ಳಲ್ಲ. ಎರಡೂ ಒಂದೇ ಎದೆಯಲ್ಲಿ ಇರುತ್ತವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಸಂತೋಷ ಆಯಿತು ಅಂತ ತಾಯಿ ಕೆಟ್ಟವಳಾಗುವುದಿಲ್ಲ. ಇದು ನಮ್ಮ ಅಭಿಪ್ರಾಯ, ಒಪ್ಪದವರು ಇದ್ದರೆ ಎದ್ದು ಹೇಳಬಹುದು.

ದೂರದ ದೇಶದ ತಾಯಂದಿರಿಗೂ ಇದೇ ಪಾಡು. ಫಿಲಿಪ್ಪೀನ್ಸ್ ಎಂಬ ದೇಶದಲ್ಲಿ 1974ರಿಂದ ಸರ್ಕಾರವೇ ಮಂದಿಯನ್ನು ಹೊರದೇಶದ ಕೆಲಸಕ್ಕೆ ಕಳಿಸುವ ವ್ಯವಸ್ಥೆ ಮಾಡಿತು. ಅಲ್ಲಿಯ ಎಷ್ಟೋ ತಾಯಂದಿರು ಬೇರೆಯವರ ಮಕ್ಕಳನ್ನು ಆಡಿಸಿ ತಮ್ಮ ಮಕ್ಕಳಿಗೆ ಹಣ ಕಳಿಸುತ್ತಾರೆ. ನಮ್ಮ ಮಂಗಳೂರು ಕಡೆಯ, ಕೇರಳದ ನರ್ಸಮ್ಮಂದಿರು ಗಲ್ಫ್ ದೇಶಗಳಿಗೆ ಹೋಗಿ ದುಡಿದದ್ದೂ ಹೀಗೇ. ಅವರು ವಿಮಾನದಲ್ಲಿ ಹೋದರು, ನಾವು ಜನರಲ್ ಬೋಗಿಯಲ್ಲಿ, ಅಷ್ಟೇ ಫರಕು.

ಹೋಗುವುದು ತಪ್ಪಲ್ಲ ಅಂದ ಮಾತ್ರಕ್ಕೆ ಮಕ್ಕಳಿಗೆ ಏನೂ ಆಗುವುದಿಲ್ಲ ಅಂತ ಅಲ್ಲ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿರಿ.

ಬಹಳ ಮಂದಿ ಮಾಡುವುದು ಏನು? ಕೂಸು ಮಲಗಿದಾಗ, ಇಲ್ಲವೇ ಅಂಗಡಿಗೆ ಬಿಸ್ಕೀಟು ತರಲಿಕ್ಕೆ ಕಳಿಸಿ, ಗಪ್‌ಚಿಪ್ಪಾಗಿ ಗಾಡಿ ಹತ್ತುವುದು. ‘ಹೇಳಿದ್ರ ಅಳ್ತದ್ರಿ, ನೋಡ್ಲಾಕ ಆಗಂಗಿಲ್ಲ.’ ನಿಜ, ನೋಡಲಿಕ್ಕೆ ಆಗುವುದಿಲ್ಲ. ಆದರೆ ಮಗು ಎದ್ದು ನೋಡಿದಾಗ ಅವ್ವ ಇಲ್ಲ. ಅಡುಗೆ ಮನೆಯಲ್ಲಿ ಇಲ್ಲ, ನಳದ ಹತ್ತಿರ ಇಲ್ಲ. ಅವತ್ತಿನಿಂದ ಆ ಮಗು ನಿದ್ದೆ ಮಾಡಲಿಕ್ಕೇ ಹೆದರುತ್ತದೆ. ಕಣ್ಣು ಮುಚ್ಚಿದರೆ ಮನೆಯ ಮಂದಿ ಮಾಯವಾಗುತ್ತಾರೆ ಅಂತ ಅದು ಕಲಿತುಬಿಟ್ಟಿದೆ. ಅಜ್ಜಿ ಬಹಿರ್ದೆಸೆಗೆ ಹೋದರೂ ಸೆರಗು ಹಿಡಿದು ಬೆನ್ನು ಹತ್ತುತ್ತದೆ. ‘ಹಟಮಾರಿ ಆಗ್ಯಾದ’ ಅಂತ ಎಲ್ಲರೂ ಬಯ್ಯುತ್ತಾರೆ.

ಇನ್ನು ಕೆಲವು ಮಕ್ಕಳು ನಾಲ್ಕು ದಿನ ಅತ್ತು ಸುಮ್ಮನಾಗುತ್ತವೆ. ಆಗ ಮನೆಯವರು ‘ಹೊಂದಿಕೊಂಡಿತು, ಮರೆತುಬಿಟ್ಟಿತು’ ಅಂತ ಫೋನಿನಲ್ಲಿ ಹೇಳುತ್ತಾರೆ. ಇದು ಯಾವಾಗಲೂ ನಿಜವಲ್ಲ. ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು 1952ರಲ್ಲಿ ಒಂದು ಚಿತ್ರ ತೆಗೆದರು. ಎರಡೂವರೆ ವರ್ಷವೂ ತುಂಬದ ಒಂದು ಹೆಣ್ಣು ಮಗು ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿ ಇತ್ತು. ಆಗಿನ ಕಾಲದ ಆಸ್ಪತ್ರೆಗಳಲ್ಲಿ ತಾಯಿಯನ್ನು ಮಗುವಿನ ಹತ್ತಿರ ಉಳಿಯಗೊಡುತ್ತಿರಲಿಲ್ಲ. ಆ ಮಗು ಹೆಚ್ಚು ಗಲಾಟೆ ಮಾಡಲಿಲ್ಲ. ಸುಮ್ಮನೆ ಇತ್ತು. ನೋಡಿದವರಿಗೆ ಶಾಣ್ಯಾ ಕೂಸು ಅನ್ನಿಸಬೇಕು. ಆದರೆ ಆ ಸುಮ್ಮನಿರುವಿಕೆಯಲ್ಲಿ ಎಷ್ಟು ನೋವಿದೆ ಅಂತ ಚಿತ್ರ ತೋರಿಸಿತು. ರಾಬರ್ಟ್‌ಸನ್ ಮತ್ತು ಅವರ ಜೊತೆ ಕೆಲಸ ಮಾಡಿದ ಜಾನ್ ಬೌಲ್ಬಿ ಎಂಬ ವೈದ್ಯರು ಹೇಳಿದ್ದು ಇಷ್ಟು: ತಾಯಿ ದೂರವಾದಾಗ ಸಣ್ಣ ಮಗು ಮೊದಲು ಅತ್ತು ಕರೆದು ಜಗಳ ಮಾಡುತ್ತದೆ, ಆಮೇಲೆ ಆಸೆ ಬಿಟ್ಟು ಮಂಕಾಗುತ್ತದೆ, ಇನ್ನೂ ಬಹಳ ದಿನವಾದರೆ ತಾಯಿ ಬಂದರೂ ಬೇಡವೆಂಬಂತೆ ಇರುತ್ತದೆ. ಇಂಥ ಕೆಲಸದಿಂದಾಗಿ ಆ ದೇಶದ ಆಸ್ಪತ್ರೆಗಳು ಮುಂದೆ ತಾಯಂದಿರಿಗೆ ಬಾಗಿಲು ತೆರೆದವು.

ಇದನ್ನು ಯಾಕೆ ಹೇಳಿದೆವು ಅಂದರೆ, ನಾಲ್ಕು ತಿಂಗಳ ಮೇಲೆ ನೀವು ಚೀಲ ತುಂಬ ತಿಂಡಿ, ಹೊಸ ಅಂಗಿ ತಂದು ‘ಬಾ ನನ್ ಬಂಗಾರ’ ಅಂತ ಕೈ ಚಾಚಿದಾಗ ಕೂಸು ಅಜ್ಜಿಯ ಹಿಂದೆ ಅಡಗಿಕೊಳ್ಳುತ್ತದೆ. ಆ ಹೊತ್ತಿಗೆ ತಾಯಿಗೆ ಆಗುವ ಸಂಕಟ ಹೇಳತೀರದು. ಸುತ್ತಲಿನವರು ನಗುತ್ತಾರೆ, ‘ಅವ್ವನ ಗುರ್ತೇ ಹಿಡಿಲಿಲ್ಲ ನೋಡು’ ಅಂತ. ಗುರುತು ಹಿಡಿದಿದೆ. ಸಿಟ್ಟು ಬಂದಿದೆ, ಅಷ್ಟೇ. ಆಗ ಎಳೆದು ಎತ್ತಿಕೊಳ್ಳಬೇಡಿ, ಬೇಜಾರು ಮಾಡಿಕೊಂಡು ಒಳಗೂ ಹೋಗಬೇಡಿ. ಅದರ ಹತ್ತಿರವೇ ಕೂತು ನಿಮ್ಮ ಕೆಲಸ ಮಾಡುತ್ತಿರಿ. ಒಂದು ದಿನ, ಎರಡು ದಿನ, ಒಂದು ವಾರ ಹಿಡಿಯಬಹುದು. ತಾನಾಗಿಯೇ ಬಂದು ತೊಡೆ ಮೇಲೆ ಕೂಡುತ್ತದೆ. ಬಂದ ಮೇಲೆ ಬಿಡುವುದೇ ಇಲ್ಲ, ಆ ಮಾತು ಬೇರೆ.

ಹೋಗುವುದೇ ಆದರೆ ಹೇಳಿ ಹೋಗಿರಿ. ಸಣ್ಣ ಮಗುವಿಗೆ ‘ಮಾರ್ಚ್ ತಿಂಗಳು’ ಅಂದರೆ ತಿಳಿಯುವುದಿಲ್ಲ, ‘ಹೋಳಿಗೆ ಬಣ್ಣ ಆಡೋ ದಿನ ಬರ್ತೀನಿ’ ಅಂದರೆ ತಿಳಿಯುತ್ತದೆ. ಒಂದು ಡಬ್ಬಿಯಲ್ಲಿ ಎಷ್ಟು ದಿನವೋ ಅಷ್ಟು ತೊಗರಿ ಕಾಳು ಎಣಿಸಿ ಹಾಕಿ, ದಿನಾ ಮಲಗುವಾಗ ಅಜ್ಜಿಯ ಕೈಯಿಂದ ಒಂದು ತೆಗೆಸಿರಿ. ಬರುವ ದಿನ ಮುಂದಕ್ಕೆ ಹೋದರೆ ಅದನ್ನೂ ಹೇಳಿರಿ, ಇನ್ನಷ್ಟು ಕಾಳು ಹಾಕಿಸಿರಿ. ಅಳು ಬರುತ್ತದೆ, ಬರಲಿ. ಅಳುವ ಮಗು ನಿಮ್ಮ ಮುಂದೆ ಅತ್ತರೆ ಒಳ್ಳೆಯದು, ಕಂಬಳಿ ಒಳಗೆ ಒಂದೇ ಅಳುವುದಕ್ಕಿಂತ. ಒಂದು ಹಳೆಯ ಸೀರೆ ಬಿಟ್ಟು ಹೋಗಿರಿ, ತೊಳೆಯದೆ. ಮಗು ಅದರ ಮೇಲೆ ಮಲಗಲಿ.

ಫೋನಿನ ಬಗ್ಗೆ ಒಂದು ಮಾತು. ಈಗ ಮೊಬೈಲಿನಲ್ಲಿ ಮುಖವೂ ಕಾಣುತ್ತದೆ. ಆದರೆ ‘ಮುಖ ನೋಡಿದ್ರ ಜಾಸ್ತಿ ಅಳ್ತದ’ ಅಂತ ಕೆಲವರು ಫೋನ್ ಮಾಡುವುದನ್ನೇ ಬಿಡುತ್ತಾರೆ. ಬಿಡಬೇಡಿ. ಗೊತ್ತಾದ ಹೊತ್ತಿಗೆ, ವಾರಕ್ಕೆ ಇಂತಿಷ್ಟು ಸಲ ಅಂತ ಇಟ್ಟುಕೊಂಡು ಮಾಡಿರಿ. ಮಾತಾಡುವಾಗ ಬರೀ ‘ಊಟ ಆಯ್ತಾ, ಶಾಲಿಗಿ ಹೋದೆ ಏನು’ ಅಷ್ಟೇ ಬೇಡ. ನೀವು ಎಲ್ಲಿ ಮಲಗುತ್ತೀರಿ, ಏನು ಕಟ್ಟುತ್ತಿದ್ದೀರಿ, ಎಷ್ಟನೇ ಅಂತಸ್ತು, ಅದನ್ನು ತೋರಿಸಿರಿ. ಅವ್ವ ಎಲ್ಲಿದ್ದಾಳೆ ಅಂತ ಕಣ್ಣಿಗೆ ಕಂಡರೆ ಮಗುವಿನ ತಲೆಯಲ್ಲಿ ಅವ್ವನಿಗೆ ಒಂದು ಜಾಗ ಇರುತ್ತದೆ. ಇಲ್ಲಿ ಉಳಿದ ದೊಡ್ಡವರು ‘ಗಲಾಟಿ ಮಾಡಿದ್ರ ನಿಮ್ಮವ್ವ ಬರಂಗಿಲ್ಲ’ ಅಂತ ಹೆದರಿಸುವುದನ್ನು ಮಾತ್ರ ಬಿಟ್ಟುಬಿಡಬೇಕು. ಇಷ್ಟು ಕೆಟ್ಟ ಮಾತು ಇನ್ನೊಂದಿಲ್ಲ. ಕಾರಣ ಮಗು ಅದನ್ನು ನಂಬುತ್ತದೆ.

ಮನೆಯಲ್ಲಿ ಯಾರ ಹತ್ತಿರ ಬಿಡುತ್ತೀರಿ? ಅಜ್ಜಿ ಇದ್ದರೆ ಪುಣ್ಯ. ಅಜ್ಜಿಗೂ ವಯಸ್ಸಾಗಿದೆ, ಕಣ್ಣು ಮಂಜು, ಮೊಣಕಾಲು ನೋವು. ಮೂರು ಮಕ್ಕಳ ಹಿಂದೆ ಓಡಲಿಕ್ಕೆ ಆಗುವುದಿಲ್ಲ. ಆಗ ಮನೆ ಯಾರ ಹೆಗಲಿಗೆ ಬೀಳುತ್ತದೆ? ಹನ್ನೆರಡು ಹದಿಮೂರು ವರ್ಷದ ದೊಡ್ಡ ಮಗಳ ಹೆಗಲಿಗೆ. ಬೆಳಿಗ್ಗೆ ನೀರು, ರೊಟ್ಟಿ, ತಮ್ಮನಿಗೆ ಜಳಕ. ಮೊದಲು ಶಾಲೆಗೆ ತಡ, ಆಮೇಲೆ ವಾರಕ್ಕೆ ಎರಡು ದಿನ ಗೈರು, ಆಮೇಲೆ ಶಾಲೆಯೇ ಇಲ್ಲ. ಅವಳಿಗೆ ಅವ್ವ ಇಲ್ಲದ ದುಃಖ ಪಡಲಿಕ್ಕೂ ಪುರುಸೊತ್ತಿಲ್ಲ, ಅವಳೇ ಅವ್ವ ಆಗಿಬಿಟ್ಟಿದ್ದಾಳೆ. ಮುಂದಿನ ವರ್ಷ ಹೊರಡುವಾಗ ‘ವಯಸ್ಸಿಗೆ ಬಂದ ಹುಡುಗಿ, ಒಬ್ಬಾಕಿನ್ನ ಹೆಂಗ ಬಿಡೋದು, ಒಂದು ಕಡೆ ಕೊಟ್ಟುಬಿಟ್ರ ಚಿಂತಿ ಇಲ್ಲ’ ಅನ್ನುವ ಮಾತು ಶುರುವಾಗುತ್ತದೆ. ಬಾಲ್ಯ ವಿವಾಹ ಬಹಳ ಸಲ ಹುಟ್ಟುವುದು ಈ ಹೆದರಿಕೆಯಿಂದ, ತಾಯಿ ತಂದೆಯ ಕೆಟ್ಟತನದಿಂದಲ್ಲ. ಹಾಗಂತ ಸರಿಯಾಗುವುದಿಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ. ನಮ್ಮ ಕರ್ನಾಟಕದಲ್ಲಿ 2016ರ ತಿದ್ದುಪಡಿ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಮದುವೆಯೇ ಅಲ್ಲ. ಆರನೇ ತರಗತಿ ಮುಟ್ಟಿದ ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇದೆ. 2004ರಲ್ಲಿ ಶುರುವಾದ ಈ ಶಾಲೆಗಳಲ್ಲಿ ಊಟ, ವಸತಿ, ಓದು ಮೂರೂ ಉಂಟು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಇವೆ, ಅದಕ್ಕೆ ಐದನೇ ತರಗತಿಯಲ್ಲಿ ಇರುವಾಗಲೇ ಅರ್ಜಿ ಹಾಕಿ ಪ್ರವೇಶ ಪರೀಕ್ಷೆ ಬರೆಸಬೇಕು. ಗಾಡಿ ಹತ್ತುವ ಹಿಂದಿನ ದಿನ ಓಡಾಡಿದರೆ ಏನೂ ಆಗುವುದಿಲ್ಲ.

ಕರೆದುಕೊಂಡೇ ಹೋಗುವ ತಾಯಂದಿರಿಗೆ ಒಂದು ವಿಷಯ ಗೊತ್ತಿರಲಿ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾನೂನಿನ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಸರ್ಕಾರಿ ಶಾಲೆಗೆ ವರ್ಷದ ನಡುವೆಯೂ ಸೇರಿಸಬಹುದು. ಟಿ.ಸಿ. ಬಂದಿಲ್ಲ ಅಂತ ಸೇರಿಸದೆ ಇರುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ತಿರುಗಿ ಕಳಿಸುವಂತಿಲ್ಲ. ಮುಂಬೈ ಪುಣೆಯಲ್ಲಿ ಭಾಷೆಯ ತೊಡಕು ಬೇರೆ. ಮಗು ಇಲ್ಲಿ ಕನ್ನಡ, ಮನೆಯಲ್ಲಿ ಲಂಬಾಣಿ ಇಲ್ಲವೇ ಉರ್ದು, ಅಲ್ಲಿ ಮರಾಠಿ. ಆದರೂ ನಾಲ್ಕು ತಿಂಗಳು ಕಟ್ಟಡದ ಮರಳಿನ ಗುಡ್ಡೆಯ ಮೇಲೆ, ಕ್ರೇನಿನ ಕೆಳಗೆ ಕೂಡುವುದಕ್ಕಿಂತ ಶಾಲೆಯ ಕೋಣೆ ಮೇಲು. ಮಗುವಿಗೆ ಯಾವ ಊರಲ್ಲೇ ಆಗಲಿ ತೊಂದರೆ ಕಂಡರೆ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

ರೇಶನ್ನಿನ ಮಾತೂ ಇಲ್ಲೇ ಹೇಳಿಬಿಡುತ್ತೇವೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ಬಂದ ಮೇಲೆ ನಿಮ್ಮ ಪಾಲಿನ ಕಾಳನ್ನು ಮಹಾರಾಷ್ಟ್ರದಲ್ಲಿ ನೀವು ಎತ್ತಬಹುದು, ಉಳಿದ ಪಾಲನ್ನು ಇಲ್ಲಿ ಅಜ್ಜಿ, ಮಕ್ಕಳು ಎತ್ತಬಹುದು. ಅಜ್ಜಿಯ ಬೆರಳಿನ ಗುರುತು ಯಂತ್ರದಲ್ಲಿ ಹತ್ತುತ್ತದೋ ಇಲ್ಲವೋ, ಹೊರಡುವ ಮೊದಲು ಒಮ್ಮೆ ಅಂಗಡಿಗೆ ಕರೆದೊಯ್ದು ನೋಡಿರಿ. ವಯಸ್ಸಾದವರ ಬೆರಳು ತೇಯ್ದಿರುತ್ತದೆ.

ದೂರ ಅಂದರೆ ಏನು ಅಂತ 2020 ನಮಗೆಲ್ಲ ಕಲಿಸಿತು. ಮಾರ್ಚ್ 25ಕ್ಕೆ ದೇಶಕ್ಕೆ ದೇಶವೇ ಬಂದ್ ಆಯಿತು. ಮುಂಬೈ, ಪುಣೆಯಲ್ಲಿ ಇದ್ದ ನಮ್ಮ ಮಂದಿ ಅಲ್ಲೇ ಸಿಕ್ಕಿಬಿದ್ದರು. ಶ್ರಮಿಕ ರೈಲು ಶುರುವಾದದ್ದು ಮೇ 1ಕ್ಕೆ. ಊರಿಗೆ ಬಂದವರನ್ನೂ ನೇರ ಮನೆಗೆ ಬಿಡಲಿಲ್ಲ; ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಿದರು. ಅವ್ವ ಶಾಲೆಯ ಒಳಗೆ, ಮಗು ಗೇಟಿನ ಹೊರಗೆ. ನಡುವೆ ಪೊಲೀಸರು. ಆ ವರ್ಷ ಎಷ್ಟೋ ತಾಯಂದಿರು ‘ಇನ್ನ ಮ್ಯಾಲ ಎಲ್ಲಿಗೂ ಹೋಗಂಗಿಲ್ಲ’ ಅಂತ ಆಣೆ ಮಾಡಿದರು. ಎರಡು ವರ್ಷದಲ್ಲಿ ಅವರಲ್ಲೇ ಬಹಳ ಮಂದಿ ಮತ್ತೆ ಹೊರಟರು. ಆಣೆಯಿಂದ ಹೊಟ್ಟೆ ತುಂಬುವುದಿಲ್ಲ.

ಹಾಗಾದರೆ ಹೋಗದೆ ಇರಲಿಕ್ಕೆ ಆಗುತ್ತದೆಯೇ? ಕೆಲವರಿಗೆ ಆಗುತ್ತದೆ. ಉದ್ಯೋಗ ಖಾತ್ರಿ ಕಾನೂನು 2006ರ ಫೆಬ್ರವರಿ 2ರಂದು ಜಾರಿಗೆ ಬಂದಾಗ ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆರಿಸಿದ್ದು ಐದೇ ಜಿಲ್ಲೆ. ಅದರಲ್ಲಿ ನಮ್ಮ ಆಗಿನ ಗುಲಬರ್ಗಾ ಒಂದು. ಗಂಡು ಹೆಣ್ಣಿಗೆ ಸಮ ಕೂಲಿ, ಊರಿನಿಂದ ಐದು ಕಿಲೋಮೀಟರ್ ಒಳಗೆ ಕೆಲಸ, ಆರು ವರ್ಷದೊಳಗಿನ ಐದು ಮಕ್ಕಳು ಇದ್ದರೆ ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳು ಅಂತ ಆ ಕಾನೂನು ಬರೆದಿತ್ತು. ನಿಯಮಗಳು ಬದಲಾಗುತ್ತಿರುತ್ತವೆ, ಈಗ ಎಷ್ಟು ದಿನ, ಎಷ್ಟು ಕೂಲಿ ಎಂಬುದನ್ನು ಪಂಚಾಯ್ತಿಯಲ್ಲೇ ಕೇಳಿರಿ. ಕೆಲಸ ಬೇಕೆಂದು ಬಾಯಿ ಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ದುಡಿಯುವ ತಾಯಂದಿರ ಸಣ್ಣ ಮಕ್ಕಳಿಗಾಗಿ ಹಳ್ಳಿಗಳಲ್ಲಿ ‘ಕೂಸಿನ ಮನೆ’ಗಳು 2023ರಿಂದ ಬಂದಿವೆ, ನಿಮ್ಮ ಪಂಚಾಯ್ತಿಯಲ್ಲಿ ಇದೆಯೇ, ಬಾಗಿಲು ತೆಗೆಯುತ್ತದೆಯೇ, ಹೋಗಿ ನೋಡಿರಿ. ಇದೆಲ್ಲ ಕಮಲಾಪುರ ಕಡೆಯ ಹಳ್ಳಿ, ತಾಂಡಾಗಳ ಅಕ್ಕಂದಿರಿಗೆ. ಶಹಾಬಜಾರದವರು ನಗರಪಾಲಿಕೆಯ ಒಳಗೆ ಇರುವವರು, ನಿಮಗೆ ಈ ಕೆಲಸ ಸಿಗುವುದಿಲ್ಲ. ನಿಮ್ಮಲ್ಲಿ ಬೆಂಗಳೂರಿಗೆ ಹೋಗುವವರಿಗೆ ಒಂದು ಅನುಕೂಲ ಆಗಿದೆ: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ. ಬಸ್ಸಿನ ಖರ್ಚಿಗೆ ಹೆದರಿ ನಾಲ್ಕು ತಿಂಗಳು ಬರದೆ ಇದ್ದವರು ಈಗ ನಡುವೆ ಒಮ್ಮೆ ಬಂದು ಮಕ್ಕಳ ಮುಖ ನೋಡಿ ಹೋಗಬಹುದು. ಮುಂಬೈ, ಪುಣೆ, ಹೈದರಾಬಾದಿಗೆ ಅದು ನಡೆಯುವುದಿಲ್ಲ.

ಕೊನೆಗೆ ಸಂಘದ ವಿಷಯ. ಗೈರಾದವರಿಗೆ ದಂಡ ಹಾಕುವ ನಿಯಮ ಹಲವು ಸಂಘಗಳಲ್ಲಿ ಇದೆ. ಬೇಕಂತಲೇ ತಪ್ಪಿಸಿಕೊಂಡವರಿಗೆ ದಂಡ ಸರಿ. ದುಡಿಯಲು ಹೋದವಳಿಗೆ ಏಕೆ? ಅವಳ ಉಳಿತಾಯ ಫೋನಿನಲ್ಲಿ ಬರಲಿ, ಇಲ್ಲ ಬಂದ ಮೇಲೆ ಒಟ್ಟಿಗೆ ಕಟ್ಟಲಿ. ಅದನ್ನು ಠರಾವಿನಲ್ಲಿ ಬರೆಯಿರಿ. ಮುಕಾದಮನ ಮುಂಗಡಕ್ಕೆ ಕೈ ಚಾಚುವ ಮೊದಲು ಅವಳಿಗೆ ಸಂಘದ ಸಾಲ ಕೊಡಬಹುದೇ ಅಂತ ಯೋಚಿಸಿರಿ; ಮುಂಗಡ ಇಲ್ಲದೆ ಹೋದವಳು ಮಗುವಿಗೆ ಜ್ವರ ಅಂದರೆ ಮರುದಿನವೇ ಗಾಡಿ ಹತ್ತಬಹುದು, ಮುಂಗಡ ತೀರದವಳನ್ನು ಅವನು ಬಿಡುವುದಿಲ್ಲ. ಇನ್ನೊಂದು, ಇದಕ್ಕೆ ದುಡ್ಡು ಬೇಡ. ಹೋದವರ ಮನೆಗೆ ವಾರಕ್ಕೊಮ್ಮೆ ಒಬ್ಬ ಸದಸ್ಯೆ ಹೋಗಿ ಬರಬೇಕು. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಅಜ್ಜಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆಯೇ, ದೊಡ್ಡ ಹುಡುಗಿಗೆ ಯಾರಾದರೂ ಕಾಟ ಕೊಡುತ್ತಿದ್ದಾರೆಯೇ ಅಂತ ನೋಡಿ ತಾಯಿಗೆ ಇದ್ದದ್ದು ಇದ್ದಂತೆ ಫೋನಿನಲ್ಲಿ ಹೇಳಬೇಕು. ‘ಎಲ್ಲ ಆರಾಮ’ ಅಂತ ಬರೀ ಸಮಾಧಾನದ ಮಾತು ಬೇಡ.

ಮುಂದಿನ ಸಭೆಗೆ ಪ್ರತಿ ಸಂಘದವರೂ ಒಂದು ಹಾಳೆ ತರಬೇಕು. ಈ ಹಂಗಾಮಿಗೆ ಯಾರು ಹೊರಡುತ್ತಾರೆ, ಎಲ್ಲಿಗೆ, ಮಕ್ಕಳು ಯಾರ ಹತ್ತಿರ, ಆ ಮನೆಗೆ ಹೋಗಿ ಬರುವ ಸದಸ್ಯೆ ಯಾರು, ಎರಡೂ ಕಡೆಯ ಫೋನ್ ನಂಬರು. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿರಿ. ಅವರಿಗೂ ಅವ್ವ ಎಲ್ಲಿಗೆ ಹೊರಟಿದ್ದಾಳೆ ಅಂತ ಆವಾಗಲೇ ತಿಳಿಯಲಿ.